ಜ್ವರ ಬಂದ್ರೆ ಫೋನ್ ಮಾಡೋಕೆ ಒಬ್ಬರಾದ್ರೂ ಬೇಕಲ್ವಾ?

ಪ್ರಶ್ನೆ: ನಾನು ಚಿಂತಾಮಣಿಯವನು, ವಯಸ್ಸು 28. ಎರಡು ವರ್ಷದಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸದಲ್ಲಿದ್ದೇನೆ. ಆಫೀಸಿನವರು ಒಳ್ಳೆಯವರೇ. ಆದರೆ ಶುಕ್ರವಾರ ಸಂಜೆ ಆಯ್ತು ಅಂದ್ರೆ ಅವರ ದಾರಿ ಅವರಿಗೆ. ಕನ್ನಡದವರ ಯುಗಾದಿ ಕಾರ್ಯಕ್ರಮಕ್ಕೂ ಹೋದೆ. ಊಟ ಆಯ್ತು, ಫೋಟೊ ಆಯ್ತು, ‘ಸಿಗೋಣ’ ಅಂತ ಹೊರಟರು. ದಿನಾ ಸಂಜೆ ಊರಿನ ಗೆಳೆಯರ ಜೊತೆ ವಿಡಿಯೊ ಕಾಲ್‌ನಲ್ಲೇ ಇರುತ್ತೇನೆ. ಹೋದ ತಿಂಗಳು ಜ್ವರ ಬಂದು ಮಲಗಿದಾಗ, ಫೋನ್ ಮಾಡೋಣ ಅಂದ್ರೆ ಅಲ್ಲಿನ ಒಂದು ಹೆಸರೂ ಹೊಳೆಯಲಿಲ್ಲ. ನನ್ನಲ್ಲೇ ಏನಾದರೂ ಕೊರತೆ ಇದೆಯಾ?
— ಹೆಸರು ಬೇಡ, ಚಿಂತಾಮಣಿ

ಆಪ್ತ ಸಮಾಲೋಚಕರ ಉತ್ತರ: ನಿಮ್ಮಲ್ಲಿ ಕೊರತೆ ಏನೂ ಕಾಣಲಿಲ್ಲ. ಯಾರ ಜೊತೆಗೂ ಸಾಕಷ್ಟು ಹೊತ್ತು ಕಳೆದಿಲ್ಲ, ಅಷ್ಟೇ. ಚಿಂತಾಮಣಿಯಲ್ಲಿ ಗೆಳೆಯರು ಹೇಗಾದರು, ನೆನಪಿಸಿಕೊಳ್ಳಿ. ಒಂದೇ ಬೀದಿ, ಒಂದೇ ಸ್ಕೂಲು, ಬೇಕರಿ ಮುಂದೆ ಟೀ ಹಿಡ್ಕೊಂಡು ಸುಮ್ನೆ ನಿಂತ ಸಂಜೆಗಳು. ಅದನ್ನು ಯಾರು ಲೆಕ್ಕ ಇಟ್ಟಿದ್ದರು?

ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಲೆಕ್ಕ ಇಟ್ಟರು. 2018ರಲ್ಲಿ ಬಂದ ಅವರ ಅಧ್ಯಯನದ ಪ್ರಕಾರ, ಬರೀ ಪರಿಚಯ ಇದ್ದವರು ಮಾಮೂಲಿ ಸ್ನೇಹಿತರಾಗೋಕೆ ಸುಮಾರು 50 ಗಂಟೆ ಬೇಕು. ಆಪ್ತರಾಗೋಕೆ 200ಕ್ಕೂ ಜಾಸ್ತಿ. ಕೆಲಸದ ಜಾಗದಲ್ಲಿ ಜೊತೆಗಿದ್ದ ಹೊತ್ತು ಇದರಲ್ಲಿ ಅಷ್ಟಾಗಿ ಲೆಕ್ಕಕ್ಕೆ ಬರಲ್ಲ. ಹಾಗಾಗಿ ಆಫೀಸಿನವರ ಮೇಲೆ ಬೇಜಾರು ಬೇಡ.

ಜರ್ಮನಿಯಲ್ಲಿ ಈ ಗಂಟೆಗಳು ಸಿಗೋದು ‘ಫೆರೈನ್’ನಲ್ಲಿ. ಅಂದ್ರೆ ಹವ್ಯಾಸದ ಸಂಘ. ಏಳು ಜನ ಸೇರಿದರೆ ಒಂದನ್ನು ನೋಂದಾಯಿಸಬಹುದು. ಶಟಲ್ ಆಡೋಕೆ, ಹಾಡೋಕೆ, ಬೆಟ್ಟ ಹತ್ತೋಕೆ, ಎಲ್ಲಕ್ಕೂ ಫೆರೈನ್ ಇದೆ. ಒಂದೇ ಒಂದಕ್ಕೆ ಸೇರಿ, ವಾರವಾರ ಅದೇ ದಿನ ಹೋಗಿ. ಮೊದಲ ತಿಂಗಳು ನಿಮ್ಮ ಹೆಸರನ್ನೂ ಸರಿಯಾಗಿ ಕರೆಯಲಿಕ್ಕಿಲ್ಲ. ಆದರೂ ಬಿಡಬೇಡಿ.

ಜರ್ಮನ್ ಬರಲ್ಲ ಅಂತೀರಾ? ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಅಂತ ಬೆಳೆದ ಚಿಂತಾಮಣಿಯವರು ಹೀಗನ್ನಬಾರದು! ಫೋಲ್ಕ್ಸ್‌ಹೋಖ್‌ಶೂಲೆ, ಅಂದ್ರೆ ದೊಡ್ಡವರಿಗೆ ಪಾಠ ಹೇಳುವ ಕಲಿಕಾ ಕೇಂದ್ರದ, ಸಂಜೆಯ ಜರ್ಮನ್ ಕ್ಲಾಸಿಗೆ ಸೇರಿ. ಅಲ್ಲಿ ಪಕ್ಕದ ಬೆಂಚಿನಲ್ಲಿ ಕೂತವರೂ ಬೇರೆ ದೇಶದಿಂದ ಬಂದು ಗೆಳೆಯರನ್ನು ಹುಡುಕುತ್ತಿರುವವರೇ.

ಇನ್ನು ಕರೆಯುವ ವಿಷಯ. ನಮ್ಮ ಕಡೆ ಹೇಳದೇ ಕೇಳದೇ ಮನೆಗೆ ಹೋಗಿ ‘ಊಟ ಆಯ್ತಾ’ ಅನ್ನಬಹುದು. ಅಲ್ಲಿ ಅದು ನಡೆಯಲ್ಲ, ದಿನ ಗೊತ್ತು ಮಾಡಬೇಕು. ‘ಯಾವತ್ತಾದರೂ ಸಿಗೋಣ’ ಅನ್ನೋ ಬದಲು ‘ಭಾನುವಾರ ಮೂರು ಗಂಟೆಗೆ ವಾಕಿಂಗ್ ಬರ್ತೀರಾ?’ ಅಂತ ಕೇಳಿ. ಭಾನುವಾರ ಅಲ್ಲಿ ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ, ಜನಕ್ಕೂ ಪುರುಸೊತ್ತು. ಮನೆಗೆ ಕರೆದರೆ ಹಬ್ಬದಡುಗೆ ಮಾಡೋಕೆ ಹೋಗಬೇಡಿ, ಚಿತ್ರಾನ್ನ ಸಾಕು. ಅತಿಯಾಗಿ ಮಾಡಿದರೆ ತಿರುಗಿ ಕರೆಯೋಕೆ ಅವರಿಗೇ ಹಿಂಜರಿಕೆ.

ಕನ್ನಡದವರ ಕಾರ್ಯಕ್ರಮವನ್ನು ಕೈಬಿಡಬೇಡಿ. ಮುಂದಿನ ಸಲ ಊಟಕ್ಕೆ ಕೂರೋದಕ್ಕಿಂತ ಬಡಿಸೋಕೆ ನಿಲ್ಲಿ. ಎಲ್ಲರೂ ಹೋದ ಮೇಲೆ ನಾಲ್ಕೈದು ಜನ ಉಳಿಯುತ್ತಾರೆ. ಒಬ್ಬರು ಸಾಂಬಾರಿನ ಪಾತ್ರೆ ಉಜ್ಜುತ್ತಿರುತ್ತಾರೆ, ಇನ್ನೊಬ್ಬರು ಕುರ್ಚಿ ಮಡಚುತ್ತಿರುತ್ತಾರೆ. ಮಿಕ್ಕಿದ ಹೋಳಿಗೆ ಹಂಚಿಕೊಂಡು, ಬಾಡಿಗೆ, ವೀಸಾ, ಅಮ್ಮನ ಮಂಡಿನೋವು ಎಲ್ಲಾ ಮಾತಾಡೋದು ಅವರೇ. ನೀವು ಹೊರಟಿದ್ದು ಅದಕ್ಕೆ ಮುಂಚೆ.

ಊರಿನ ಗೆಳೆಯರನ್ನು ಬಿಡಿ ಅನ್ನಲ್ಲ. ಆದರೆ ನಿಮ್ಮ ಸಂಜೆ ಏಳು ಅಂದ್ರೆ ಚಿಂತಾಮಣಿಯಲ್ಲಿ ರಾತ್ರಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ. ಅವರಿಗೂ ನಿದ್ದೆ ಬೇಕಲ್ವಾ? ಕಾಲ್ ಅನ್ನು ಭಾನುವಾರ ಬೆಳಿಗ್ಗೆಗೆ ಹಾಕಿಕೊಳ್ಳಿ, ವಾರದ ಸಂಜೆಗಳು ಖಾಲಿ ಸಿಗುತ್ತವೆ.

ಜ್ವರದ ವಿಷಯಕ್ಕೆ 200 ಗಂಟೆ ಕಾಯಬೇಕಿಲ್ಲ. ಪಕ್ಕದ ಮನೆಯವರ ನಂಬರ್ ಈ ವಾರವೇ ತಗೊಳ್ಳಿ, ನಿಮ್ಮದನ್ನೂ ಕೊಡಿ. ಕ್ಲಿನಿಕ್ ಮುಚ್ಚಿದ ಹೊತ್ತಿನಲ್ಲಿ ಜರ್ಮನಿಯಲ್ಲಿ ಡಾಕ್ಟರಿಗಾಗಿ 116117ಗೆ ಫೋನ್ ಮಾಡಬಹುದು, ಅದನ್ನೂ ಮೊಬೈಲಿನಲ್ಲಿ ಸೇವ್ ಮಾಡಿಡಿ.