ಆಪ್ತಸಲಹೆ ಪ್ರಕರಣ: ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ದರಪಟ್ಟಿ

ಹುಡುಗನಿಗೆ ಎಂಟು ವರ್ಷ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಇಲ್ಲಿ ಅವನನ್ನು ಪುಟ್ಟ ಎಂದು ಕರೆಯುತ್ತೇನೆ. ತಂದೆ ತಾಯಿಯ ದೂರು ಒಂದೇ ಸಾಲಿನದು: "ದುಡ್ಡು ಕೊಡದಿದ್ದರೆ ಇವನು ಒಂದು ಕಡ್ಡಿಯನ್ನೂ ಎತ್ತಿಡುವುದಿಲ್ಲ."

ಶುರುವಾದದ್ದು ಒಳ್ಳೆಯ ಉದ್ದೇಶದಿಂದಲೇ. ಪುಟ್ಟನಿಗೆ ಸ್ಕೇಟಿಂಗ್ ಶೂ ಬೇಕಿತ್ತು. ಕೇಳಿದ್ದನ್ನೆಲ್ಲ ತಂದುಕೊಟ್ಟರೆ ಮಗುವಿಗೆ ದುಡ್ಡಿನ ಬೆಲೆ ತಿಳಿಯುವುದಿಲ್ಲ ಎಂದು ತಂದೆ, "ದುಡಿದು ತೆಗೆದುಕೋ" ಎಂದರು. ಮರುದಿನವೇ ಕಚೇರಿಯಲ್ಲಿ ಮುದ್ರಿಸಿದ ದರಪಟ್ಟಿ ಫ್ರಿಜ್ಜಿನ ಬಾಗಿಲಿಗೆ ಬಂತು. ಹಲ್ಲುಜ್ಜಿದರೆ ಇಷ್ಟು, ಹಾಸಿಗೆ ಮಡಚಿದರೆ ಇಷ್ಟು, ಮನೆಪಾಠ ಮುಗಿಸಿದರೆ ಇಷ್ಟು, ತಂಗಿಯನ್ನು ಆಡಿಸಿದರೆ ಇಷ್ಟು. ಪರೀಕ್ಷೆಯ ಅಂಕಗಳಿಗೂ ಒಂದು ಸಾಲು ಇತ್ತು. ಮೊದಲ ಎರಡು ವಾರ ಮನೆ ಕನ್ನಡಿಯಂತೆ ಹೊಳೆಯಿತಂತೆ. ಆಮೇಲೆ ಒಂದು ಸಂಜೆ ಚಪ್ಪಲಿ ಗೂಡಿನಲ್ಲಿದ್ದುದನ್ನೆಲ್ಲ ಪುಟ್ಟನೇ ಕೆಳಗೆ ಎಳೆದುಹಾಕುತ್ತಿರುವುದನ್ನು ತಾಯಿ ಕಂಡರು. ಕೆಡವಿದರೆ ತಾನೇ ಜೋಡಿಸಬಹುದು, ಜೋಡಿಸಿದರೆ ತಾನೇ ಕೂಲಿ! ಅದಾದ ಮೇಲೆ ಅಜ್ಜಿ ಸೂಜಿಗೆ ದಾರ ಪೋಣಿಸಿಕೊಡು ಎಂದಾಗ ಅವನು ಎದ್ದು ಹೋಗಿ ಫ್ರಿಜ್ ನೋಡಿ ಬಂದು, "ಇದು ಪಟ್ಟಿಯಲ್ಲಿಲ್ಲ ಅಜ್ಜಿ" ಎಂದ. ಅಂದೇ ರಾತ್ರಿ ತಾಯಿ ನನ್ನ ಬಳಿ ಸಮಯ ಕೇಳಿದ್ದು.

ಪುಟ್ಟನೊಂದಿಗೆ ಒಬ್ಬನನ್ನೇ ಕೂರಿಸಿಕೊಂಡು ಮಾತನಾಡಿದೆ. ಕೇಳುವ ಮೊದಲೇ ಚೀಲದಿಂದ ಒಂದು ನೋಟುಪುಸ್ತಕ ತೆಗೆದ. ಸ್ಕೇಲಿನಿಂದ ಗೆರೆ ಎಳೆದು, ದಿನಾಂಕ, ಕೆಲಸ, ಮೊತ್ತ ಎಂದು ಮೂರು ಅಂಕಣ ಮಾಡಿದ್ದ. ಮೊದಲ ಪುಟಗಳಲ್ಲಿ ಪ್ರತಿ ಸಾಲಿನ ಮುಂದೆ ಸರಿ ಗುರುತು. ನಂತರದ ಪುಟಗಳಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಪದ: ಬಾಕಿ, ಬಾಕಿ, ಬಾಕಿ. "ಅಪ್ಪ ಚಿಲ್ಲರೆ ಇಲ್ಲ ಎನ್ನುತ್ತಾರೆ. ಅಮ್ಮ ಅಪ್ಪನನ್ನು ಕೇಳು ಎನ್ನುತ್ತಾರೆ. ಅದಕ್ಕೇ ನಾನು ನಿಲ್ಲಿಸಿದೆ ಮೇಡಂ."

ಮನೆಯವರು ದುರಾಸೆ ಎಂದುಕೊಂಡದ್ದು ಮುಷ್ಕರವಾಗಿತ್ತು. ದೊಡ್ಡವರು ಮಾಡಿಕೊಟ್ಟ ಕರಾರನ್ನು ಹುಡುಗ ಅಕ್ಷರಶಃ ಓದಿಕೊಂಡಿದ್ದ, ಅವರು ಮರೆತಾಗ ಕೆಲಸ ನಿಲ್ಲಿಸಿದ್ದ. ಇಂಥ ಮಗುವಿಗೆ ನೀತಿಪಾಠ ಹೇಳಲು ಹೊರಡುವುದು ಅನ್ಯಾಯ.

ಆದ್ದರಿಂದ ತಂದೆಗೆ ನಾನು ಹೇಳಿದ ಮೊದಲ ಕೆಲಸ: ಇವತ್ತೇ ಬಾಕಿ ಚುಕ್ತಾ ಮಾಡಿ. ಅವರಿಗೆ ಇದು ಹಿಡಿಸಲಿಲ್ಲ. ಹಟಕ್ಕೆ ಮಣಿದಂತಾಗುತ್ತದೆ ಎಂದರು. ಮಕ್ಕಳ ಮನಸ್ಸನ್ನು ಅಧ್ಯಯನ ಮಾಡುವ ಸಂಶೋಧಕಿ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಅವರ ಮುಂದಿಟ್ಟೆ. ಮೂರರಿಂದ ಐದು ವರ್ಷದ ಮಕ್ಕಳಿಗೆ ಒಂದು ಸಿಹಿ ಕೊಟ್ಟು, ತಿನ್ನದೆ ಕಾದರೆ ಇನ್ನೊಂದು ಸಿಗುತ್ತದೆ ಎಂದು ಹೇಳಲಾಗಿತ್ತು. ಅದಕ್ಕೂ ಮೊದಲು ಚಿತ್ರ ಬಿಡಿಸುವ ಸಾಮಾನು ತಂದುಕೊಡುತ್ತೇನೆ ಎಂದು ಹೇಳಿ ಕೆಲವರಿಗೆ ತಂದುಕೊಟ್ಟಿದ್ದರು, ಕೆಲವರಿಗೆ ಕೈಕೊಟ್ಟಿದ್ದರು. ಮಾತು ಉಳಿಸಿಕೊಂಡ ದೊಡ್ಡವರ ಎದುರು ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರ ಎದುರು 3 ನಿಮಿಷ. ಉಳಿತಾಯ ಎಂದರೆ ಕಾಯುವುದು. ಕೊಡುವ ಕೈಯ ಮೇಲೆ ನಂಬಿಕೆ ಇಲ್ಲದ ಮಗು ಯಾವ ಭರವಸೆಯಿಂದ ಕಾಯಬೇಕು?

ಎರಡನೆಯದು ದರಪಟ್ಟಿಯನ್ನು ವಿಂಗಡಿಸುವ ಕೆಲಸ. ಹಲ್ಲುಜ್ಜುವುದು, ಮನೆಪಾಠ ಅವನದೇ ಕೆಲಸಗಳು. ತಟ್ಟೆ ಎತ್ತುವುದು, ಹಾಸಿಗೆ ಮಡಚುವುದು, ತಂಗಿಯ ಮೇಲೊಂದು ಕಣ್ಣಿಡುವುದು ಆ ಮನೆಯವನಾಗಿ ಅವನ ಪಾಲು. ಅಪ್ಪ ಅಮ್ಮನ ಪಾಲಿಗೂ ಯಾರೂ ಕೂಲಿ ಕೊಡುವುದಿಲ್ಲ. ಇವುಗಳಿಗೆ ಬೆಲೆ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಪುಟ್ಟನ ಮನೆಯೇ ಸಾಕ್ಷಿ. 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಶಿಶುವಿಹಾರವೊಂದರಲ್ಲಿ ಬಣ್ಣದ ಪೆನ್ನುಗಳಿಂದ ಚಿತ್ರ ಬಿಡಿಸಲು ಇಷ್ಟಪಡುತ್ತಿದ್ದ ಮಕ್ಕಳಿಗೆ, ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿ ಕೊಟ್ಟರು. ಕೆಲವು ದಿನಗಳ ನಂತರ ಪ್ರಶಸ್ತಿಯ ಮಾತಿಲ್ಲದೆ ಅದೇ ಪೆನ್ನುಗಳನ್ನು ಇಟ್ಟಾಗ ಆ ಮಕ್ಕಳ ಆಸಕ್ತಿ ಕುಗ್ಗಿತ್ತು. ಮೊದಲೇ ಹೇಳದೆ ಅಚಾನಕ್ಕಾಗಿ ಪ್ರಶಸ್ತಿ ಪಡೆದ ಮಕ್ಕಳಲ್ಲಿ ಹಾಗಾಗಲಿಲ್ಲ.

"ಹಾಗಾದರೆ ಅವನು ದುಡಿಯುವುದಾದರೂ ಯಾವುದರಿಂದ?" ಎಂದು ತಾಯಿ ಕೇಳಿದರು. ನ್ಯಾಯವಾದ ಪ್ರಶ್ನೆ. ನನ್ನ ಅಳತೆಗೋಲು ಸರಳ: ಈ ಕೆಲಸವನ್ನು ಹೊರಗಿನವರಿಂದ ಮಾಡಿಸಿದರೆ ನೀವು ಹಣ ಕೊಡುತ್ತಿದ್ದಿರಾ? ಮುಗಿಯಿತೋ ಇಲ್ಲವೋ ಎಂಬುದು ಮಗುವಿನ ಕಣ್ಣಿಗೇ ಕಾಣುತ್ತದೆಯೇ? ಬಿಸಿ, ಚೂಪು, ಎತ್ತರ, ವಿಷದ ಗೊಡವೆ ಇಲ್ಲವೇ? ಮೂರಕ್ಕೂ ಸರಿ ಉತ್ತರ ಸಿಕ್ಕರೆ ಸಾಕು. ವಾಹನ ತೊಳೆಯುವುದು, ಹಳೆಯ ಪತ್ರಿಕೆಗಳನ್ನು ಅಳತೆಗೆ ತಕ್ಕಂತೆ ಜೋಡಿಸಿ ಕಟ್ಟುಕಟ್ಟಿ ರದ್ದಿಗೆ ಸಿದ್ಧಮಾಡುವುದು, ಕಪಾಟಿನ ಪುಸ್ತಕಗಳ ಧೂಳು ಹೊಡೆಯುವುದು ಎಂಟು ವರ್ಷದವನ ಕೈಗೆ ಹೊಂದುವ ಕೆಲಸಗಳು. ತನಗೆ ಚಿಕ್ಕದಾದ ಆಟಿಕೆ, ಓದಿ ಮುಗಿಸಿದ ಕಥೆಪುಸ್ತಕಗಳನ್ನು ತಂದೆ ತಾಯಿಯ ಒಪ್ಪಿಗೆ ಪಡೆದು ಮಾರಬಹುದು. ಶುಭಾಶಯ ಪತ್ರ, ಪುಸ್ತಕದೊಳಗೆ ಇಡುವ ಗುರುತುಪಟ್ಟಿ ಮಾಡಬಹುದು. ಆದರೆ ನೆಂಟರು ಮುಲಾಜಿಗೆ ಬಿದ್ದು ಕೊಳ್ಳುತ್ತಾರೆ, ಮಗುವಿಗೆ ಅದು ಬಹುಬೇಗ ತಿಳಿಯುತ್ತದೆ. ನನಗೆ ಅದರ ಮೇಲೆ ಅಷ್ಟೇನೂ ಒಲವಿಲ್ಲ.

ಪುಟ್ಟ ಆರಿಸಿಕೊಂಡದ್ದು ಸಸಿಗಳನ್ನು ಬೆಳೆಸಿ ಮಾರುವುದನ್ನು. ಚೆಂಡುಹೂವಿನ ಬೀಜ ಸಾಮಾನ್ಯವಾಗಿ ಒಂದು ವಾರದ ಆಸುಪಾಸಿನಲ್ಲಿ ಮೊಳೆಯುತ್ತದೆ. ಮಕ್ಕಳ ತಾಳ್ಮೆಗೆ ಅದು ಸರಿಹೊಂದುವ ಅವಧಿ. ಬೀಜ ಮತ್ತು ಮಣ್ಣಿನ ಖರ್ಚನ್ನು ತಾಯಿ ಬಂಡವಾಳವಾಗಿ ಕೊಡಬೇಕು, ಮಾರಿದ ಹಣದಲ್ಲಿ ಮೊದಲು ಅದು ವಾಪಸಾಗಬೇಕು ಎಂದು ಒಪ್ಪಂದ ಮಾಡಿಸಿದೆ. ಮೊದಲ ತಂಡದ ಅರ್ಧದಷ್ಟು ಸಸಿಗಳು ನೀರು ಹೆಚ್ಚಾಗಿ ಬುಡ ಕೊಳೆತು ಬಿದ್ದವು. ತಂದೆ ನಷ್ಟ ತುಂಬಿಕೊಡಲು ಹೊರಟಿದ್ದರು, ನಾನು ತಡೆದೆ. ಎರಡನೆಯ ಸಲ ಪುಟ್ಟ ಡಬ್ಬಗಳ ತಳಕ್ಕೆ ತೂತು ಕೊರೆಸಿಕೊಂಡ (ಕೊರೆದದ್ದು ತಂದೆ), ಬೆರಳು ಚುಚ್ಚಿ ಮಣ್ಣು ಒಣಗಿದೆಯೇ ನೋಡಿ ನೀರು ಹಾಕಿದ. ಪಕ್ಕದ ಮನೆಯವರು ಊರಿಗೆ ಹೋದಾಗ ಅವರ ಕುಂಡಗಳಿಗೆ ನೀರು ಹಾಕುವ ಕೆಲಸವೂ ಹೀಗೆಯೇ ಬಂತು. ಬೀಗದ ಕೈ ಮಾತ್ರ ತಾಯಿಯ ಬಳಿ; ಅವರಿಲ್ಲದೆ ಹೊಸಿಲು ದಾಟುವಂತಿಲ್ಲ.

ಕೂಲಿಯ ವಿಷಯದಲ್ಲಿ ಎರಡು ಮಾತು ಹೇಳಿದೆ. ಬೆಲೆ ಕೆಲಸಕ್ಕೆ ಮುಂಚೆಯೇ ನಿಶ್ಚಯವಾಗಬೇಕು, ಅದೂ ಗಂಟೆಯ ಲೆಕ್ಕದಲ್ಲಲ್ಲ, ಕೆಲಸದ ಲೆಕ್ಕದಲ್ಲಿ. ಈ ವಯಸ್ಸಿನವರಿಗೆ ಗಂಟೆ ಎಂಬುದು ರಬ್ಬರಿನಂತೆ ಹಿಗ್ಗುತ್ತದೆ. ಮತ್ತು ಹಣ ಅದೇ ದಿನ, ನಾಣ್ಯ ನೋಟುಗಳ ರೂಪದಲ್ಲಿ ಕೈಗೆ ಬೀಳಬೇಕು. ಮೊಬೈಲಿನಲ್ಲಿ ಏರುವ ಅಂಕಿಗಿಂತ ಡಬ್ಬಿಯಲ್ಲಿ ಏರುವ ರಾಶಿ ಅವನಿಗೆ ಅರ್ಥವಾಗುತ್ತದೆ.

ನೆಂಟರೊಬ್ಬರು ಹುಡುಗನಿಗೆ ವಿಡಿಯೊ ಚಾನೆಲ್ ತೆರೆದುಕೊಡಿ, ಚೆನ್ನಾಗಿ ಮಾತನಾಡುತ್ತಾನೆ ಎಂದಿದ್ದರಂತೆ. ಬೇಡ ಎಂದೆ. ಬಹುತೇಕ ಸಾಮಾಜಿಕ ಜಾಲತಾಣಗಳು ಖಾತೆಗೆ ಕನಿಷ್ಠ 13 ವರ್ಷ ಕೇಳುವುದು ಸುಮ್ಮನೆ ಅಲ್ಲ. ಹೊರಗಿನವರ ಕೈಕೆಳಗಿನ ದುಡಿಮೆಯಂತೂ ಮಾತೇ ಇಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1973ರ 138ನೇ ಒಡಂಬಡಿಕೆ ದುಡಿಮೆಗೆ ಸಾಮಾನ್ಯ ಕನಿಷ್ಠ ವಯಸ್ಸು 15 ಎಂದೂ, ಶಾಲೆಗೆ ಅಡ್ಡಿಯಾಗದ ಹಗುರ ಕೆಲಸಕ್ಕೆ 13 ಎಂದೂ ಹೇಳುತ್ತದೆ. ಕೆಲವು ಅಭಿವೃದ್ಧಿಶೀಲ ದೇಶಗಳಿಗೆ ಮಾತ್ರ 14 ಮತ್ತು 12ರ ಸಡಿಲಿಕೆ ಇದೆ. ಎಂಟು ವರ್ಷದವನ ಸಂಪಾದನೆ ಆಟದ ಅಳತೆಯಲ್ಲೇ ಇರಬೇಕು. ಬೇಸರವಾದ ದಿನ ಬಿಟ್ಟುಬಿಡುವ ಸ್ವಾತಂತ್ರ್ಯ ಅವನಿಗಿರಬೇಕು.

ಅಜ್ಜಿಯ ವಿಷಯವೊಂದು ಉಳಿಯಿತು. ಈಗ ಪುಟ್ಟ ಸೂಜಿಗೆ ದಾರ ಪೋಣಿಸಿಕೊಡುತ್ತಾನೆ, ಸಂಜೆ ಪತ್ರಿಕೆಯ ದೊಡ್ಡಕ್ಷರದ ಸಾಲುಗಳನ್ನೂ ಓದಿ ಹೇಳುತ್ತಾನೆ. ಆಗೊಮ್ಮೆ ಈಗೊಮ್ಮೆ ಅಜ್ಜಿ ಸೆರಗಿನ ಗಂಟಿನಿಂದ ಒಂದು ನಾಣ್ಯ ತೆಗೆದು ಅವನ ಮುಷ್ಟಿಗೆ ತುರುಕುತ್ತಾರಂತೆ. ಇದನ್ನೂ ನಿಲ್ಲಿಸಬೇಕೇ ಎಂದು ತಾಯಿ ಆತಂಕದಿಂದ ಕೇಳಿದರು. ಬಿಡಿ ಎಂದೆ. ದರ ಗೊತ್ತುಮಾಡದೆ, ಮನಸ್ಸಿಗೆ ಬಂದಾಗ ಕೊಡುವುದು ಕೂಲಿಯಲ್ಲ.

ಅಂಕಗಳ ಸಾಲನ್ನು ಅಳಿಸಲು ಮಾತ್ರ ತಂದೆ ಇನ್ನೂ ಒಪ್ಪಿಲ್ಲ. ಅರ್ಥಶಾಸ್ತ್ರಜ್ಞ ರೋಲೆಂಡ್ ಫ್ರೈಯರ್ ಅಮೆರಿಕದ ಕೆಲವು ನಗರಗಳ ಶಾಲೆಗಳಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗಗಳ ಬಗ್ಗೆ ಹೇಳಿದೆ: ಪರೀಕ್ಷೆಯ ಅಂಕಗಳಿಗೆ ಹಣ ಕೊಟ್ಟಲ್ಲಿ ಕಲಿಕೆ ಹೇಳಿಕೊಳ್ಳುವಷ್ಟು ಏರಲಿಲ್ಲ, ಡಲ್ಲಾಸಿನಲ್ಲಿ ಎರಡನೇ ತರಗತಿಯವರಿಗೆ ಓದಿದ ಒಂದೊಂದು ಪುಸ್ತಕಕ್ಕೂ ಕೊಟ್ಟಾಗ, ಇಂಗ್ಲಿಷಿನಲ್ಲಿ ಪರೀಕ್ಷೆ ಬರೆಯುತ್ತಿದ್ದ ಮಕ್ಕಳ ಓದಿನ ಗ್ರಹಿಕೆ ಸುಧಾರಿಸಿತು. ಪುಸ್ತಕ ಓದುವುದು ಹೇಗೆಂದು ಮಗುವಿಗೆ ಗೊತ್ತು; ಅಂಕ ತರುವುದು ಹೇಗೆಂದು ಗೊತ್ತಿಲ್ಲ. ಕೊಡಲೇಬೇಕೆಂಬ ಹಟವಿದ್ದರೆ ಅವನ ಕೈಯಲ್ಲಿರುವುದಕ್ಕೆ ಕೊಡಿ ಎಂದೆ. ಅದಕ್ಕೂ ಅವರು ತಲೆ ಆಡಿಸಲಿಲ್ಲ. ಚಿಕ್ಕಂದಿನಲ್ಲಿ ತಮ್ಮ ತಂದೆ ಅಂಕಪಟ್ಟಿಯನ್ನು ನೋಡದೆಯೇ ಸಹಿ ಹಾಕುತ್ತಿದ್ದರು ಎಂದು ಮಾತಿನ ನಡುವೆ ಹೇಳಿದರು. ಮುಂದಿನ ಭೇಟಿಗೆ ಅವರೊಬ್ಬರನ್ನೇ ಬರಲು ಹೇಳಿದ್ದೇನೆ.