ಬೆಳಿಗ್ಗೆ 24, ಸಂಜೆ 27: ಮೈಯ ಕೊಬ್ಬಿನ ಲೆಕ್ಕ ಯಾಕೆ ಬದಲಾಗುತ್ತದೆ?

ಶಿವಮೊಗ್ಗದ ಜಿಮ್‌ನಲ್ಲಿ ತೂಕದ ಮಷೀನ್ ಬೆಳಿಗ್ಗೆ ಶೇ. 24 ಕೊಬ್ಬು ತೋರಿಸಿತು, ಅಡಿಕೆ ತೋಟದ ಕೆಲಸ ಮುಗಿಸಿ ಸಂಜೆ ಹೋದರೆ 27 ಅಂತು, ಯಾವುದು ಸರಿ ಅಂತ ಕೇಳಿದ್ದೀರಿ. ಒಂದೇ ದಿನದಲ್ಲಿ ಅಷ್ಟು ಕೊಬ್ಬು ಸೇರುವುದಿಲ್ಲ, ಗಾಬರಿ ಬೇಡ.

ಆ ಮಷೀನ್ ಕೊಬ್ಬನ್ನು ನೇರವಾಗಿ ಅಳೆಯುವುದೇ ಇಲ್ಲ. ಅಂಗಾಲಿನ ಮೂಲಕ ಸಣ್ಣ ಕರೆಂಟ್ ಹರಿಸುತ್ತದೆ. ಮಾಂಸಖಂಡದಲ್ಲಿ ನೀರು ಜಾಸ್ತಿ, ಕರೆಂಟ್ ಸಲೀಸಾಗಿ ಹೋಗುತ್ತದೆ. ಕೊಬ್ಬು ಅಡ್ಡಿ ಮಾಡುತ್ತದೆ. ಬೆವರಿ ಮೈಯ ನೀರು ಇಳಿದರೂ ಅಡ್ಡಿ ಹೆಚ್ಚುತ್ತದೆ, ಮಷೀನ್ ಅದನ್ನೂ ಕೊಬ್ಬು ಅಂತಲೇ ಎಣಿಸಬಹುದು. ಕಾಲಿಂದ ಕಾಲಿಗೆ ಹರಿಯುವ ಕರೆಂಟ್ ಹೊಟ್ಟೆಯ ಭಾಗವನ್ನು ಸರಿಯಾಗಿ ನೋಡುವುದೂ ಇಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಕೊಬ್ಬು ಕೂರುವುದೇ ಅಲ್ಲಿ ಅಲ್ವಾ?

ನನಗೆ ತುಂಬಾ ಇಷ್ಟವಾದದ್ದು ಹಳೆಯ ವಿಧಾನ: ನೀರೊಳಗೆ ಮುಳುಗಿಸಿ ತೂಗುವುದು. ತುಂಗೆಯಲ್ಲಿ ಈಜಿದವರಿಗೆ ಗೊತ್ತು, ಕೊಬ್ಬು ಹೆಚ್ಚಿದ್ದವರು ಸುಲಭವಾಗಿ ತೇಲುತ್ತಾರೆ. ಒಂದು ಘನ ಸೆಂಟಿಮೀಟರ್ ಕೊಬ್ಬು ಸುಮಾರು 0.9 ಗ್ರಾಂ, ಮೈಯ ಉಳಿದ ಭಾಗ ಸುಮಾರು 1.1. ವಿಜ್ಞಾನಿ ವಿಲಿಯಂ ಸಿರಿ 1961ರಲ್ಲಿ ಪ್ರಕಟಿಸಿದ ಸೂತ್ರ ನಿಂತಿರುವುದು ಇದರ ಮೇಲೆಯೇ: 495ನ್ನು ಮೈಯ ಸಾಂದ್ರತೆಯಿಂದ (ಒಂದು ಘನ ಸೆಂಟಿಮೀಟರ್ ಮೈ ಎಷ್ಟು ಗ್ರಾಂ ಅನ್ನುವುದು, ನೀರೊಳಗಿನ ತೂಕದಿಂದ ಗೊತ್ತಾಗುತ್ತದೆ) ಭಾಗಿಸಿ, 450 ಕಳೆದರೆ ಶೇಕಡಾ ಕೊಬ್ಬು. ಈಗ ಡೆಕ್ಸಾ ಸ್ಕ್ಯಾನ್ ಇದೆ, ಎರಡು ಬೇರೆ ಬೇರೆ ಶಕ್ತಿಯ ಎಕ್ಸ್‌ರೇ ಬಳಸಿ ಕೊಬ್ಬನ್ನು ಅಳೆಯುತ್ತದೆ.

ನೀವು ವಾರಕ್ಕೊಮ್ಮೆ ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, ಅದೇ ಮಷೀನ್ ಮೇಲೆ ನಿಲ್ಲಿ. ಜೊತೆಗೆ ಟೇಪ್ ಹಿಡಿದು ಹೊಟ್ಟೆಯ ಸುತ್ತಳತೆಯನ್ನೂ ಬರೆದಿಡಿ.