ಹೂವಿಗಿಂತ ಮೊದಲು ಎಲೆಯ ತೊಟ್ಟು ನೋಡಿ

ಪ್ರಶ್ನೆ: ಬಸವನಗುಡಿಯ ನಮ್ಮ ಮನೆಯ ತಾರಸಿಯಲ್ಲಿ ಎರಡು ಕೃಷ್ಣಕಮಲದ ಬಳ್ಳಿಗಳಿವೆ. ಒಂದು ನರ್ಸರಿಯಿಂದ ತಂದದ್ದು, ಎಲೆಗೆ ಐದು ಬೆರಳು. ಇನ್ನೊಂದು ಮಡಿಕೇರಿಯಿಂದ ತಂದ ಶರಬತ್ತು ಹಣ್ಣಿನ ಬೀಜದ್ದು. ಪಕ್ಕದ ಖಾಲಿ ಸೈಟಿನಲ್ಲಿ ಅಂಥದೇ ಚಿಕ್ಕ ಹೂವಿನ ಬಳ್ಳಿಯೊಂದು ತಾನಾಗಿ ಹಬ್ಬಿದೆ. ಎಲ್ಲದರಲ್ಲೂ ಕೌರವರು, ಪಾಂಡವರು ಇದ್ದಾರೆ. ಮೂರೂ ಒಂದೇ ಜಾತಿಯೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಕುಲ ಒಂದೇ, ಪ್ಯಾಸಿಫ್ಲೋರಾ. ಪ್ರಭೇದ ಮೂರು. ಸುತ್ತಲ ಎಳೆಗಳು ಕೌರವರು, ಐದು ಕೇಸರಗಳು ಪಾಂಡವರು, ಮೇಲಿನ ಮೂರು ಶಲಾಕೆಗಳು ತ್ರಿಮೂರ್ತಿಗಳು ಎಂದು ನಮ್ಮಜ್ಜಿಯೂ ಎಣಿಸಿ ತೋರಿಸುತ್ತಿದ್ದರು. ಆದರೆ ಅದು ಐನೂರಕ್ಕೂ ಮೀರಿದ ಪ್ರಭೇದಗಳಿರುವ ಇಡೀ ಕುಲದ ಚಹರೆ. ಒಂದನ್ನು ಇನ್ನೊಂದರಿಂದ ಬೇರ್ಪಡಿಸಲು ಅದು ಸಾಲದು.

ಹೂವಿಗಾಗಿ ಕಾಯುವುದೇ ಬೇಡ. ಒಂದು ಭೂತಗನ್ನಡಿ ಹಿಡಿದು ಎಲೆಯ ತೊಟ್ಟು ನೋಡಿ. ಶರಬತ್ತು ಹಣ್ಣಿನ ಬಳ್ಳಿಯಲ್ಲಿ (ಪ್ಯಾಸಿಫ್ಲೋರಾ ಎಡುಲಿಸ್) ತೊಟ್ಟು ಎಲೆಗೆ ಸೇರುವ ತುದಿಯಲ್ಲೇ ಸಿಹಿ ರಸ ಒಸರುವ ಎರಡು ಗ್ರಂಥಿಗಳಿರುತ್ತವೆ, ಸಾಸಿವೆಗಿಂತ ಚಿಕ್ಕವು. ಇರುವೆ ಅಲ್ಲೇ ಸುಳಿದಾಡುತ್ತಿದ್ದರೆ ಗುರುತು ಇನ್ನೂ ಸುಲಭ, ಅದು ಬರುವುದು ಆ ಸಿಹಿಗೇ. ಎಲೆಗೆ ಮೂರು ಹಾಳೆ, ಅಂಚು ಗರಗಸ.

ನಿಮ್ಮ ಐದು ಬೆರಳಿನದು ಬಹುಶಃ ಪ್ಯಾಸಿಫ್ಲೋರಾ ಸಿರುಲಿಯಾ. ಅದರ ಗ್ರಂಥಿಗಳು ತೊಟ್ಟಿನ ನಡುವೆ ಚದುರಿರುತ್ತವೆ, ಎಲೆಯಂಚು ನಯ. ತೊಟ್ಟಿನ ಬುಡದಲ್ಲಿ ಕಾಂಡವನ್ನು ತಬ್ಬಿದ ಪುಟ್ಟ ಅಗಲ ಎಲೆಗಳೂ ಇರಬೇಕು. ಎಡುಲಿಸ್‌ನಲ್ಲಿ ಆ ಜಾಗದಲ್ಲಿ ಬರೀ ನೂಲಿನಂಥವು. ನಾನು ಮೊದಲು ತಂದದ್ದೂ ಸಿರುಲಿಯಾವೇ, ಹಣ್ಣಿನ ಗಿಡವೆಂದು ನರ್ಸರಿಯವರು ಕೊಟ್ಟಿದ್ದು. ಚಪ್ಪರ ಹಾಕಿಸಿ ಎರಡು ವರ್ಷ ಕಾದೆ. ಕಿತ್ತಳೆ ಬಣ್ಣದ ಹಣ್ಣು ಬಿಟ್ಟಿತು, ಒಡೆದರೆ ಒಳಗೆ ಟೊಳ್ಳು, ರುಚಿ ಸಪ್ಪೆ. ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವಳು ಆ ದಿನ ತೊಟ್ಟು ನೋಡದೆ ದುಡ್ಡು ಕೊಟ್ಟೆನಲ್ಲ ಎಂಬ ಬೇಸರ ಈಗಲೂ ಇದೆ.

ಹೂ ಅರಳಿದಾಗ ಎಳೆಗಳ ಪಟ್ಟೆ ನೋಡಿ. ಎಡುಲಿಸ್‌ನಲ್ಲಿ ಬುಡ ನೇರಳೆ, ತುದಿ ಬಿಳಿ, ಅದೂ ಸುರುಳಿ ಸುರುಳಿ. ಸಿರುಲಿಯಾದಲ್ಲಿ ಬುಡ ನೇರಳೆ, ನಡುವೆ ಬಿಳಿ, ತುದಿ ನೀಲಿ. ಒಂದು ಹೂವನ್ನು ಉದ್ದಕ್ಕೆ ಸೀಳಿದರೆ ಮಧುವಿನ ಬಟ್ಟಲನ್ನು ಮುಚ್ಚಿದ ತೆಳು ಪೊರೆ ಕಾಣುತ್ತದೆ. 1938ರಲ್ಲಿ ಅಮೆರಿಕ ಖಂಡಗಳ ಪ್ರಭೇದಗಳನ್ನು 22 ಉಪಕುಲಗಳಾಗಿ ಹಂಚಿದ ಸಸ್ಯಶಾಸ್ತ್ರಜ್ಞ ಕಿಲಿಪ್ ಈ ಪೊರೆಯ ಆಕಾರವನ್ನೂ ಲೆಕ್ಕಕ್ಕೆ ಹಿಡಿದಿದ್ದರು. ಇದನ್ನು ಒಮ್ಮೆಯಾದರೂ ನೋಡಲೇಬೇಕು.

ಸೈಟಿನದು ಕುಕ್ಕಿಬಳ್ಳಿ, ಅಂದರೆ ಪ್ಯಾಸಿಫ್ಲೋರಾ ಫೀಟಿಡಾ ಇರಬೇಕು. ಮೊಗ್ಗನ್ನೂ ಕಾಯನ್ನೂ ಹಸಿರು ಬಲೆ ಸುತ್ತಿದೆಯೇ? ಅದು ಹೂವಿನ ಕೆಳಗಿನ ಮೂರು ಎಲೆಗಳು ನೂಲುನೂಲಾಗಿ ಸೀಳಿ ಆದದ್ದು. ಮುಟ್ಟಿದರೆ ಅಂಟು, ಸಣ್ಣ ಹುಳುಗಳು ಸಿಕ್ಕಿಕೊಂಡಿರುತ್ತವೆ. ಎಲೆ ಹೊಸಕಿದರೆ ಕೆಟ್ಟ ವಾಸನೆ. ಅದರ ಹಸಿ ಕಾಯನ್ನು ಮಕ್ಕಳ ಕೈಗೆ ಕೊಡಬೇಡಿ.

ಮೂರರದ್ದೂ ಒಂದೊಂದು ಎಲೆಯನ್ನು ತೊಟ್ಟಿನ ಸಮೇತ ಹಳೆ ಪೇಪರಿನ ನಡುವೆ ಒತ್ತಿಡಿ. ಸೈಟಿನಲ್ಲಿ ಜೆಸಿಬಿ ಬರುವ ಮೊದಲೇ ಇಷ್ಟು ಮಾಡಿಕೊಳ್ಳಿ.